ಅಪೊಸ್ತಲತ್ವದ ಮುದ್ರೆ

ಓದತಕ್ಕ ವೇದಭಾಗಗಳು: ಅರಣ್ಯಕಾಂಡ ೧೧:೨೪–೩೦, ೧ ಕೊರಿಂಥ ೯:೧–೨.



ಹಳ್ಳಿಯೊಂದರಲ್ಲಿ ವಾಸಿಸುವ ವಿಧವೆಯಾದ ತಾಯಿಯೊಬ್ಬಳು ತನ್ನ ಮೊಮ್ಮಗಳ ಕೈಯಿಂದ ಬರೆಯಿಸಿ ನಮಗೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾಳೆ. ಆಕೆಯ ಗಂಡನು ಹೋದ ಮಳೆಗಾಲದಲ್ಲಿ ಕರ್ತನಲ್ಲಿ ನಿದ್ರೆಹೋದನು. ಅದಕ್ಕೆ ಎರಡು ದಿವಸಗಳ ಮುಂಚೆ ಸಭಾಪಾಲಕರು ಮನೆಗೆ ಬಂದು, ಅವನು ಮಲಗಿದ್ದ ಚಾಪೆಯ ಬಳಿಯಲ್ಲಿ ಮೊಣಕಾಲೂರಿ, ಕರ್ತನ ರಾತ್ರಿಭೋಜನವನ್ನು ಕೊಟ್ಟರು. ಕೆಲವು ತಿಂಗಳುಗಳಾದ ಮೇಲೆ ಮೊಮ್ಮಗಳ ಮದುವೆಯ ಮಾತುಕತೆಗಾಗಿ ರೋಮನ್ ಕಥೋಲಿಕರಾದ ಬೀಗರ ಕಡೆಯವರು ಬಂದಿದ್ದಾಗ, ಅವರಲ್ಲೊಬ್ಬನು, "ನಿಮ್ಮ ಅಯ್ಯನವರು ನಿಜವಾದ ಗುರುಗಳಲ್ಲ, ಅವರ ತಲೆಯ ಮೇಲೆ ಕೈಯಿಟ್ಟ ಬಿಷಪರಿಗೂ ಅಧಿಕಾರವಿಲ್ಲ, ಇದನ್ನು ಪೋಪರೇ ತೀರ್ಪುಮಾಡಿದ್ದಾರೆ" ಎಂದು ಹೇಳಿದನಂತೆ. "ಹಾಗಾದರೆ ನಮ್ಮ ಯಜಮಾನರು ಕೊನೆಗೆ ತಿಂದದ್ದು ಬರೀ ರೊಟ್ಟಿಯೋ?" ಎಂದು ಆ ತಾಯಿ ಕೇಳುತ್ತಾಳೆ.

ಪ್ರಿಯರೇ, ಈ ಪ್ರಶ್ನೆಯನ್ನು ನಾವು ಹಗುರವೆಂದು ಎಣಿಸಲಾರೆವು. ಮರಣದ ಮನೆಯಿಂದ ಬಂದ ಪ್ರಶ್ನೆಗೆ ಬರಿಯ ತರ್ಕವು ಸಾಲದು. ಸುಳ್ಳಾದ ಆದರಣೆಯೂ ಕೂಡದು. ನಮ್ಮಲ್ಲಿ ಕೆಲವರು ಇಂಥ ಮಾತು ಕೇಳಿದ ಕೂಡಲೇ ಕಥೋಲಿಕರನ್ನು ಬೈಯುವದಕ್ಕೆ ತೊಡಗುವರು. ಮತ್ತೆ ಕೆಲವರು, ಹಸ್ತಾರ್ಪಣವೆಲ್ಲಾ ಮನುಷ್ಯರ ಆಚಾರವು, ಮಾಡಿದರೇನು ಬಿಟ್ಟರೇನು ಎಂದು ಹೇಳಿ ಜಾರಿಕೊಳ್ಳುವರು. ಇವೆರಡೂ ದೇವರ ಮುಂದೆ ನಿಲ್ಲತಕ್ಕ ಉತ್ತರಗಳಲ್ಲ. ಆದದರಿಂದ ರೋಮಾಪುರದ ಸಭೆಯು ಹೇಳುವದೇನು, ಹೇಳದೆ ಇರುವದೇನು ಎಂಬದನ್ನು ಮೊದಲು ನ್ಯಾಯವಾಗಿ ತಿಳಿದುಕೊಳ್ಳೋಣ; ಅನಂತರ ಶ್ರೀಗ್ರಂಥದ ಬೆಳಕಿನಲ್ಲಿ ನಮ್ಮನ್ನೇ ಪರೀಕ್ಷಿಸಿಕೊಳ್ಳೋಣ.

ಈ ವಿವಾದವು ಇಂಗ್ಲೆಂಡಿನ ಸಭೆಗೂ ರೋಮಾಪುರಕ್ಕೂ ನಡುವೆ ಹುಟ್ಟಿದ್ದು. ಅದು ನಮ್ಮ ಹಳ್ಳಿಯ ಮನೆಯನ್ನು ಮುಟ್ಟಿದ್ದು ಹೇಗಂದರೆ: ೧೯೪೭ನೆಯ ಸೆಪ್ಟೆಂಬರ್ ೨೭ರಂದು ಮದ್ರಾಸಿನ ಸೆಂಟ್ ಜಾರ್ಜ್ ಮಹಾದೇವಾಲಯದಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಆಂಗ್ಲಿಕನ್ ಸಭೆಯವರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರೆಗೇಶನಲ್ ಪದ್ಧತಿಯವರು ಅದರಲ್ಲಿ ಒಂದಾದರು. ಕನ್ನಡ ನಾಡಿನಲ್ಲಿ ವೆಸ್ಲಿಯನ್ ಮಿಶನ್ನಿನಿಂದಲೂ ಲಂಡನ್ ಮಿಶನ್ನಿನಿಂದಲೂ ಹುಟ್ಟಿದ ಸಭೆಗಳು ಹೀಗೆ ಅದಕ್ಕೆ ಸೇರಿದವು. ಈ ಐಕ್ಯಸಭೆಗೆ ಬಿಷಪರ ಹಸ್ತಾರ್ಪಣದ ಸಾಲು ಆಂಗ್ಲಿಕನ್ ಬಿಷಪರ ಮೂಲಕ ಇಂಗ್ಲೆಂಡಿನಿಂದ ಬಂದದ್ದಾಗಿದೆ. ಅಲ್ಲಿ ಸಾಲು ಕಡಿದಿದ್ದರೆ ಇಲ್ಲಿಯೂ ಕಡಿದಂತೆಯೇ ಎಂದು ಆ ಬೀಗರ ಕಡೆಯವನು ಯೋಚಿಸಿದನು.

ಬೇಸಾಯ ಮಾಡುವ ನಿಮಗೆ ಕಥೋಲಿಕರ ಬೋಧನೆಯನ್ನು ಕೆರೆಯ ಸಾಮ್ಯದಿಂದ ತಿಳಿಸಬಹುದು. ಕೆರೆಯಲ್ಲಿ ನೀರುಂಟು, ಅದು ತೂಬಿನಿಂದ ಹೊರಟು ಕಾಲುವೆಯ ಮುಖಾಂತರ ಗದ್ದೆಯಿಂದ ಗದ್ದೆಗೆ ಹರಿಯುವದು. ನಡುವೆ ಕಾಲುವೆ ಒಡೆದುಹೋದರೆ ಕೆಳಗಿನ ಗದ್ದೆಗೆ ನೀರಿಲ್ಲ; ಕೆಳಗಿನವರು ತಮ್ಮ ಪಾಲಿನ ಕಾಲುವೆಯನ್ನು ಎಷ್ಟು ಚೆನ್ನಾಗಿ ತೋಡಿದರೂ ಪ್ರಯೋಜನವಿಲ್ಲ. ಹಾಗೆಯೇ ಕ್ರಿಸ್ತನು ಅಪೊಸ್ತಲರಿಗೆ ಕೊಟ್ಟ ಅಧಿಕಾರವು ಹಸ್ತಾರ್ಪಣದಿಂದಲೂ ಪ್ರಾರ್ಥನೆಯಿಂದಲೂ ಬಿಷಪನಿಂದ ಬಿಷಪನಿಗೆ ಇಳಿದು ಬರುವದೆಂತಲೂ, ಒಂದು ತಲೆಮಾರಿನಲ್ಲಿ ಅದು ಕಡಿದರೆ ಮುಂದಿನವರಿಗೆ ಯಾಜಕತ್ವವಿಲ್ಲವೆಂತಲೂ ಅವರು ಹೇಳುವರು. ಇಂಗ್ಲೆಂಡಿನಲ್ಲಿ ಕಾಲುವೆ ಒಡೆಯಿತೋ ಇಲ್ಲವೋ ಎಂಬದೇ ವಿವಾದವು.

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಭೆಯು ಪೋಪರ ಅಧಿಕಾರದಿಂದ ಬೇರೆಯಾದಾಗ ಬಿಷಪ, ಯಾಜಕ, ಡೀಕನ್ ಎಂಬ ಮೂರು ಉದ್ಯೋಗಗಳನ್ನು ಬಿಡಲಿಲ್ಲ. ಆದರೆ ಆರನೆಯ ಎಡ್ವರ್ಡ್ ಅರಸನ ಕಾಲದಲ್ಲಿ, ೧೫೫೦ರಲ್ಲಿ, ದೀಕ್ಷಾವಿಧಿಯು ಹೊಸದಾಗಿ ರಚಿಸಲ್ಪಟ್ಟಿತು. ೧೫೫೨ರಲ್ಲಿ ಪುನಃ ತಿದ್ದಲ್ಪಟ್ಟಿತು. ಹಳೆಯ ವಿಧಿಯಲ್ಲಿ ಬಿಷಪನು ಹೊಸ ಯಾಜಕನ ಕೈಗೆ ಪಾತ್ರೆಯನ್ನೂ ತಟ್ಟೆಯನ್ನೂ ಕೊಟ್ಟು, ಬಲಿಯನ್ನು ಅರ್ಪಿಸುವ ಅಧಿಕಾರವನ್ನು ಹೇಳುತ್ತಿದ್ದನು. ಹೊಸ ವಿಧಿಯಲ್ಲಿ ಬಲಿಯ ಮಾತು ತೆಗೆಯಲ್ಪಟ್ಟಿತು. ೧೫೫೨ರಲ್ಲಿ ಪಾತ್ರೆಯನ್ನು ಕೊಡುವದೂ ನಿಂತು, ಸತ್ಯವೇದ ಪುಸ್ತಕ ಮಾತ್ರ ಕೈಗೆ ಬಂತು. ಎಲಿಜಬೆತ್ ರಾಣಿಯ ಕಾಲದಲ್ಲಿ ಮ್ಯಾಥ್ಯೂ ಪಾರ್ಕರನು ಈ ಹೊಸ ವಿಧಿಯ ಪ್ರಕಾರ ಕ್ಯಾಂಟರ್ಬರಿಯ ಆರ್ಚ್‌ಬಿಷಪನಾದನು. ೧೫೫೯ನೆಯ ದಶಂಬರ ೧೭ರಂದು ಲ್ಯಾಂಬೆತ್ ಅರಮನೆಯ ಪ್ರಾರ್ಥನಾಲಯದಲ್ಲಿ ಬಾರ್ಲೋ, ಸ್ಕೋರಿ, ಕವರ್ಡೇಲ್, ಹಾಡ್ಜ್‌ಕಿನ್ಸ್ ಎಂಬ ನಾಲ್ವರು ಬಿಷಪರು ಅವನ ಮೇಲೆ ಕೈಗಳನ್ನಿಟ್ಟರು. ಇವರಲ್ಲಿ ಕವರ್ಡೇಲನು ೧೫೩೫ರಲ್ಲಿ ಸಂಪೂರ್ಣ ಸತ್ಯವೇದವನ್ನು ಇಂಗ್ಲಿಷಿನಲ್ಲಿ ಮೊದಲು ಅಚ್ಚುಹಾಕಿಸಿದವನು. ಇಂಗ್ಲೆಂಡಿನ ಮುಂದಿನ ಬಿಷಪರ ಸಾಲು ಈ ಪಾರ್ಕರನಿಂದ ಹೊರಟಿತು.

ಮುಂದಿನ ಶತಮಾನದಲ್ಲಿ ವಿರೋಧಿಗಳು ಒಂದು ಕಥೆಯನ್ನು ಹಬ್ಬಿಸಿದರು; ಪಾರ್ಕರನ ದೀಕ್ಷೆಯು ದೇವಾಲಯದಲ್ಲಿ ಅಲ್ಲ, ಲಂಡನ್ ಪಟ್ಟಣದ ಒಂದು ಹೆಂಡದಂಗಡಿಯಲ್ಲಿ ಪರಿಹಾಸ್ಯವಾಗಿ ನಡೆಯಿತೆಂದು ಹೇಳಿದರು. ಲ್ಯಾಂಬೆತಿನ ದಫ್ತರದಲ್ಲಿ ದಿನವೂ ಸ್ಥಳವೂ ಬಿಷಪರ ಹೆಸರುಗಳೂ ಬರೆದಿರುವದರಿಂದ ಆ ಕಥೆಯು ಸುಳ್ಳೆಂದು ಸ್ಥಾಪಿತವಾಯಿತು. ಪೋಪರ ತೀರ್ಪು ಕೂಡ ಆ ಕಥೆಯನ್ನು ಆಧಾರಮಾಡಿಕೊಳ್ಳಲಿಲ್ಲ. ಇದರಿಂದ ನಮಗೂ ಬುದ್ಧಿ ಉಂಟು: ಸಂತೆಯಲ್ಲಿ ಕೇಳಿದ ಸುದ್ದಿಯನ್ನು ಆಯುಧಮಾಡಿಕೊಂಡು ಬೇರೊಂದು ಸಭೆಯ ಮೇಲೆ ಯುದ್ಧಕ್ಕೆ ಹೋಗಬಾರದು.

ಇನ್ನು ಆ ತೀರ್ಪು ಬಂದ ವಿಧವನ್ನು ಕೇಳಿರಿ. ಅದರ ಆರಂಭವು ಜಗಳದಿಂದಲ್ಲ, ಸ್ನೇಹದಿಂದಲೇ ಆಯಿತು. ಲಾರ್ಡ್ ಹ್ಯಾಲಿಫಾಕ್ಸ್ ಎಂಬ ಆಂಗ್ಲಿಕನ್ ಶ್ರೀಮಂತನು ೧೮೮೯–೯೦ರ ಚಳಿಗಾಲದಲ್ಲಿ ಮಗನ ಅನಾರೋಗ್ಯದ ನಿಮಿತ್ತ ಮಡೀರಾ ದ್ವೀಪಕ್ಕೆ ಹೋಗಿದ್ದಾಗ, ಅಲ್ಲಿ ಪೋರ್ತಾಲ್ ಎಂಬ ಫ್ರೆಂಚ್ ಕಥೋಲಿಕ ಯಾಜಕನ ಪರಿಚಯವಾಯಿತು. ಇವರಿಬ್ಬರೂ ಎರಡು ಸಭೆಗಳು ಒಂದಾಗಬೇಕೆಂದು ಆಶೆಪಟ್ಟು, ದೀಕ್ಷೆಯ ಪ್ರಶ್ನೆಯನ್ನು ಮೊದಲು ವಿಚಾರಿಸಿದರೆ ಬಾಗಿಲು ತೆರೆಯುವದೆಂದು ನೆನಸಿದರು. ಹದಿಮೂರನೆಯ ಲಿಯೋ ಪೋಪರು ೧೮೯೬ರಲ್ಲಿ ಪಂಡಿತರ ಒಂದು ಮಂಡಲಿಯನ್ನು ನೇಮಿಸಿದರು. ಪಂಡಿತರಲ್ಲಿಯೇ ಭಿನ್ನಾಭಿಪ್ರಾಯಗಳಾದವು. ಆದರೆ ಆ ವರುಷದ ಸೆಪ್ಟೆಂಬರಿನಲ್ಲಿ ಹೊರಟ ಪೋಪರ ಪತ್ರವು, ಆಂಗ್ಲಿಕನ್ ವಿಧಿಯಿಂದ ಆದ ದೀಕ್ಷೆಗಳು ಆಗಲೂ ಈಗಲೂ ನಿರರ್ಥಕವೂ ಶೂನ್ಯವೂ ಆಗಿವೆಯೆಂದು ತೀರ್ಮಾನಿಸಿತು. ತೆರೆಯಬೇಕೆಂದಿದ್ದ ಬಾಗಿಲು ಹೀಗೆ ಮುಚ್ಚಲ್ಪಟ್ಟಿತು.

ಆ ತೀರ್ಪಿಗೆ ಮುಖ್ಯವಾಗಿ ಎರಡು ಕಾರಣಗಳು ಹೇಳಲ್ಪಟ್ಟವು. ಮೊದಲನೆಯದು ಮಾತಿನ ಕೊರತೆ. ೧೫೫೨ರ ವಿಧಿಯಲ್ಲಿ ಕೈಯಿಡುವಾಗ ಪರಿಶುದ್ಧಾತ್ಮನನ್ನು ಹೊಂದು ಎಂಬ ಅರ್ಥದ ಮಾತಿತ್ತೇ ಹೊರತು, ಯಾವ ಉದ್ಯೋಗಕ್ಕಾಗಿ ಎಂದು ಆ ಮಾತಿನಲ್ಲಿ ಸ್ಪಷ್ಟವಾಗಿರಲಿಲ್ಲ. ೧೬೬೨ರಲ್ಲಿ ಉದ್ಯೋಗದ ಹೆಸರನ್ನು ಸೇರಿಸಿದರೂ ನೂರು ವರುಷಗಳು ದಾಟಿಹೋಗಿದ್ದರಿಂದ ಕೊಡತಕ್ಕವರೇ ಉಳಿದಿರಲಿಲ್ಲ ಎಂಬದು. ಎರಡನೆಯದು ಉದ್ದೇಶದ ಕೊರತೆ. ಬಲಿಯನ್ನೂ ಬಲಿಯರ್ಪಿಸುವ ಯಾಜಕತ್ವವನ್ನೂ ಸೂಚಿಸುವದನ್ನೆಲ್ಲಾ ಬೇಕೆಂದೇ ತೆಗೆದುಹಾಕಿದ ವಿಧಿಯನ್ನು ಉಪಯೋಗಿಸುವವರಿಗೆ, ಸಭೆಯು ಪೂರ್ವದಿಂದ ಮಾಡುತ್ತಾ ಬಂದದ್ದನ್ನು ಮಾಡುವ ಉದ್ದೇಶವಿಲ್ಲ ಎಂಬದು.

ಇಂಗ್ಲೆಂಡಿನ ಇಬ್ಬರು ಆರ್ಚ್‌ಬಿಷಪರಾದ ಫ್ರೆಡರಿಕ್ ಟೆಂಪಲ್ ಮತ್ತು ವಿಲಿಯಮ್ ಮ್ಯಾಕ್ಲಗನ್ ಎಂಬವರು ೧೮೯೭ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರತ್ಯುತ್ತರ ಬರೆದರು. ಅದರಲ್ಲಿ ನಿಂದೆಯ ಮಾತಿಲ್ಲ. ಪುರಾತನ ರೋಮಾಪುರದ ದೀಕ್ಷಾಪ್ರಾರ್ಥನೆಗಳಲ್ಲಿಯೂ ನೀವು ಕೇಳುವ ಮಾತುಗಳು ಎಲ್ಲಾ ಕಡೆ ಇಲ್ಲ. ಈ ಅಳತೆಯಿಂದ ನಮ್ಮನ್ನು ಅಳೆದರೆ ನಿಮ್ಮ ಪೂರ್ವಿಕರೂ ಕಡಿಮೆಯಾಗುವರು ಎಂದು ಅವರು ತೋರಿಸಿದರು. ಅಪೊಸ್ತಲರ ಕಾಲದಿಂದ ಇರುವ ಉದ್ಯೋಗಗಳನ್ನೇ ಮುಂದುವರಿಸುವೆವೆಂದು ದೀಕ್ಷಾವಿಧಿಯ ಪೀಠಿಕೆಯೇ ಹೇಳುತ್ತದಾದದರಿಂದ ಉದ್ದೇಶದ ಕೊರತೆಯಿಲ್ಲವೆಂತಲೂ ಉತ್ತರಕೊಟ್ಟರು.

ಅಂದಿನಿಂದ ಏನಾಯಿತು? ೧೯೨೧ರಿಂದ ಬೆಲ್ಜಿಯಮ್ ದೇಶದ ಮಲೀನ್ ಪಟ್ಟಣದಲ್ಲಿ ಕಾರ್ಡಿನಲ್ ಮೆರ್ಸಿಯೇ ಎಂಬವರ ಮನೆಯಲ್ಲಿ ಎರಡು ಸಭೆಗಳವರು ಕೂಡಿ ಮಾತಾಡಿದರು. ೧೯೨೬ರಲ್ಲಿ ಕಾರ್ಡಿನಲರು ಮರಣಶಯ್ಯೆಯಲ್ಲಿದ್ದಾಗ ತಮ್ಮ ಉಂಗುರವನ್ನು ಮುದುಕನಾಗಿದ್ದ ಹ್ಯಾಲಿಫಾಕ್ಸನಿಗೆ ಕೊಟ್ಟರು. ೧೯೬೬ನೆಯ ಮಾರ್ಚಿಯಲ್ಲಿ ಆರನೆಯ ಪೌಲ್ ಪೋಪರು ರೋಮಾಪುರದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪರಾದ ಮೈಕಲ್ ರ್‍ಯಾಮ್ಸೆಯವರಿಗೆ ತಮ್ಮ ಸ್ವಂತ ಬಿಷಪ್ ಉಂಗುರವನ್ನೇ ತೊಡಿಸಿದರು. ೧೮೯೬ರ ಲೆಕ್ಕದ ಪ್ರಕಾರ ಬಿಷಪನಲ್ಲದವನ ಬೆರಳಿಗೆ ಬಿಷಪನ ಉಂಗುರ! ಆದರೂ ತೀರ್ಪು ಬದಲಾಗಲಿಲ್ಲ. ೧೯೯೮ರಲ್ಲಿ ರೋಮಾಪುರದಿಂದ ಹೊರಟ ಒಂದು ವಿವರಣೆಯು ಅದನ್ನು ಕಥೋಲಿಕರು ಖಂಡಿತವಾಗಿ ಹಿಡಿಯತಕ್ಕ ಬೋಧನೆಗಳ ಉದಾಹರಣೆಗಳಲ್ಲಿ ಎಣಿಸಿತು. ಆಂಗ್ಲಿಕನ್ ಯಾಜಕನು ಕಥೋಲಿಕ ಸಭೆಗೆ ಸೇರಿ ಅಲ್ಲಿ ಸೇವೆಮಾಡಬೇಕಾದರೆ ಇಂದಿಗೂ ಹೊಸದಾಗಿ ದೀಕ್ಷೆ ಹೊಂದಬೇಕು. ಆದದರಿಂದ, ತಾಯಿಯೇ, ನಿಮ್ಮ ಬೀಗರ ಕಡೆಯವನು ಇಲ್ಲದ ಸಂಗತಿಯನ್ನು ಹುಟ್ಟಿಸಲಿಲ್ಲ.

ಆದರೆ ಅವನು ಅರ್ಧವನ್ನು ಹೇಳಿ ಅರ್ಧವನ್ನು ಬಿಟ್ಟನು. ನೀರಿನಿಂದ ತಂದೆ ಮಗ ಪರಿಶುದ್ಧಾತ್ಮನ ಹೆಸರಿನಲ್ಲಿ ನಮ್ಮಲ್ಲಿ ಆಗುವ ದೀಕ್ಷಾಸ್ನಾನವನ್ನು ಕಥೋಲಿಕ ಸಭೆಯು ನಿಜವಾದದ್ದೆಂದು ಒಪ್ಪುತ್ತದೆ. ಹಾಗೆ ಸ್ನಾನಹೊಂದಿದವನಿಗೆ ತಿರಿಗಿ ಸ್ನಾನ ಕೊಡುವದಿಲ್ಲ. ೧೯೬೪ರಲ್ಲಿ ಅವರ ವ್ಯಾಟಿಕನ್ ಮಹಾಸಭೆಯು ಐಕ್ಯತೆಯ ವಿಷಯವಾಗಿ ಹೊರಡಿಸಿದ ಶಾಸನದಲ್ಲಿ, ನಮ್ಮಂಥ ಸಭೆಗಳ ಉದ್ಯೋಗದಲ್ಲಿ ಕೊರತೆಯುಂಟೆಂತಲೂ, ಅದರ ನಿಮಿತ್ತ ಕರ್ತನ ಭೋಜನದ ಪೂರ್ಣಸ್ವರೂಪವು ನಮ್ಮಲ್ಲಿ ಉಳಿಯಲಿಲ್ಲವೆಂತಲೂ ಹೇಳಿದ್ದಾರೆ. ಅದೇ ಶಾಸನದಲ್ಲಿಯೇ, ಕ್ರಿಸ್ತನ ಆತ್ಮನು ಈ ಸಭೆಗಳನ್ನು ರಕ್ಷಣೆಯ ಸಾಧನಗಳಾಗಿ ಉಪಯೋಗಿಸುವದಕ್ಕೆ ಹಿಂಜರಿಯಲಿಲ್ಲವೆಂತಲೂ, ನಾವು ಕರ್ತನ ಮರಣವನ್ನೂ ಪುನರುತ್ಥಾನವನ್ನೂ ಸ್ಮರಿಸುವಾಗ ಆತನೊಂದಿಗಿನ ಜೀವವನ್ನು ಅರಿಕೆಮಾಡುತ್ತೇವೆಂತಲೂ ಒಪ್ಪಿಕೊಂಡಿದ್ದಾರೆ. ನಿಮ್ಮ ಯಜಮಾನರಿಗೆ ದೇವರು ಏನೂ ಕೊಡಲಿಲ್ಲವೆಂದು ರೋಮಾಪುರವು ಹೇಳಲಿಲ್ಲ.

ಈಗ ಶ್ರೀಗ್ರಂಥಕ್ಕೆ ಬರೋಣ. ಅರಣ್ಯದಲ್ಲಿ ಮೋಶೆಯು ಎಪ್ಪತ್ತು ಮಂದಿ ಹಿರಿಯರನ್ನು ಗುಡಾರದ ಸುತ್ತಲೂ ನಿಲ್ಲಿಸಿದನು. ಅವರ ಮೇಲೆ ಆತ್ಮವು ಇಳಿಯಿತು. ಎಲ್ದಾದ್, ಮೇದಾದ್ ಎಂಬ ಇಬ್ಬರು ಗುಡಾರಕ್ಕೆ ಹೋಗದೆ ಪಾಳೆಯದಲ್ಲಿಯೇ ಉಳಿದಿದ್ದರು. ಆತ್ಮವು ಅವರ ಮೇಲೆಯೂ ಇಳಿಯಿತು. ಯೆಹೋಶುವನು ಕ್ರಮಕ್ಕೆ ಭಂಗವಾಯಿತೆಂದು ಭಯಪಟ್ಟು ಅವರನ್ನು ತಡೆಯಬೇಕೆಂದು ಬೇಡಿದನು. ಮೋಶೆಯಾದರೋ, ನನ್ನ ಗೌರವಕ್ಕಾಗಿ ನೀನು ಹೊಟ್ಟೆಕಿಚ್ಚುಪಡುತ್ತೀಯೋ ಎಂದು ಕೇಳಿ, ದೇವಜನರೆಲ್ಲರ ಮೇಲೆ ಆ ಆತ್ಮವು ಇಳಿದರೆ ಎಷ್ಟೋ ಒಳ್ಳೇದೆಂದನು. ಗಮನಿಸಿರಿ: ಮೋಶೆಯು ಗುಡಾರವನ್ನು ಕಿತ್ತುಹಾಕಲಿಲ್ಲ, ಎಪ್ಪತ್ತು ಮಂದಿಯ ನೇಮಕವನ್ನು ರದ್ದುಮಾಡಲಿಲ್ಲ. ಕ್ರಮವು ದೇವರದೇ, ಆದರೆ ದೇವರು ಆ ಕ್ರಮಕ್ಕೆ ಸೆರೆಯಾಳಲ್ಲ. ಕೆರೆಯೂ ಕಾಲುವೆಯೂ ಆತನ ವರವೇ, ಮಳೆಯೂ ಆತನದೇ.

ಪೌಲನ ಅಪೊಸ್ತಲತ್ವವನ್ನೂ ಕೆಲವರು ಸಂಶಯಪಟ್ಟರು. ಅವನು ಹನ್ನೆರಡು ಮಂದಿಯಲ್ಲಿ ಸೇರಿದವನಲ್ಲ. ಆಗ ಅವನು ತಾನು ಕರ್ತನನ್ನು ಕಂಡವನೆಂದು ಹೇಳಿದ ಮೇಲೆ, ಕೊರಿಂಥದ ಸಭೆಯನ್ನೇ ಕೈಯೆತ್ತಿ ತೋರಿಸಿ, ಕರ್ತನಲ್ಲಿ ನೀವೇ ನನ್ನ ಉದ್ಯೋಗದ ಮುದ್ರೆ ಎಂಬ ಭಾವವನ್ನು ಬರೆದನು. ಮುದ್ರೆಯು ಎಲ್ಲಿದೆ? ದಫ್ತರದಲ್ಲಿ ಮಾತ್ರವಲ್ಲ, ಸಭೆಯ ಜೀವದಲ್ಲಿ. ಗದ್ದೆಯು ಹಸುರಾಗಿದೆಯೋ ಎಂದು ನೋಡದೆ ಕಾಲುವೆಯ ಲೆಕ್ಕವನ್ನು ಮಾತ್ರ ಓದುವವನು ಒಳ್ಳೇ ಬೇಸಾಯಗಾರನಲ್ಲ.

ಒಂದು ಹಸುರಾದ ಗದ್ದೆಯನ್ನು ತೋರಿಸುವೆವು. ತಿರುನೆಲ್ವೇಲಿ ಸೀಮೆಯಲ್ಲಿ ಹುಟ್ಟಿದ ವೇದನಾಯಗಂ ಸಾಮುವೇಲ್ ಅಜರಯ್ಯನವರು ತೆಲುಗು ದೇಶದ ದೋರ್ನಕಲ್ಲಿಗೆ ಸುವಾರ್ತಾಸೇವೆಗಾಗಿ ಹೋದರು. ೧೯೧೨ನೆಯ ದಶಂಬರ ೨೯ರಂದು ಕಲ್ಕತ್ತೆಯ ಸೆಂಟ್ ಪಾಲ್ ಮಹಾದೇವಾಲಯದಲ್ಲಿ ಅವರಿಗೆ ಬಿಷಪ್ ದೀಕ್ಷೆಯಾಯಿತು. ಆಂಗ್ಲಿಕನ್ ಸಭೆಯಲ್ಲಿ ಬಿಷಪರಾದ ಭಾರತೀಯರಲ್ಲಿ ಅವರೇ ಮೊದಲಿಗರು. ೧೮೯೬ರ ತೀರ್ಪಿನ ಪ್ರಕಾರ ಅವರೂ ಬಿಷಪರಲ್ಲ. ಆದರೆ ಊರ ಹೊರಗೆ ತಳ್ಳಲ್ಪಟ್ಟ ಮಾಲ, ಮಾದಿಗ ಜನರು ಸಾವಿರಾರು ಮಂದಿ ಅವರ ಸೇವೆಯ ಕಾಲದಲ್ಲಿ ಕ್ರಿಸ್ತನ ಮೇಜಿಗೆ ಬಂದು ಕೂತರು. ೧೯೪೫ರಲ್ಲಿ ಅವರು ತೀರಿಕೊಂಡರು. ಮುದ್ರೆಯು ಆ ಹಳ್ಳಿಗಳಲ್ಲಿ ಉಳಿಯಿತು.

ಪ್ರಿಯರೇ, ಇಷ್ಟು ಹೇಳಿ ಮುಗಿಸಿದರೆ ನಮಗೆ ಹಿತವಾಗಿರುವದು. ಆದರೆ ವಾಕ್ಯವು ಎರಡು ಬಾಯಿಯ ಕತ್ತಿಯಾಗಿದೆ. ರೋಮಾಪುರದ ತೀರ್ಪಿನಿಂದ ನೊಂದ ಆಂಗ್ಲಿಕನರಲ್ಲಿಯೇ ಕೆಲವರು, ಬಿಷಪನ ಹಸ್ತಾರ್ಪಣವಿಲ್ಲದ ಮೆಥೊಡಿಸ್ಟ್ ಮತ್ತು ಪ್ರೆಸ್ಬಿಟೇರಿಯನ್ ಬೋಧಕರ ಉದ್ಯೋಗವು ನಿಜವಾದದ್ದೋ ಎಂದು ಸಂಶಯಪಟ್ಟರು. ೧೯೪೭ರಲ್ಲಿ ನಮ್ಮ ಹಿರಿಯರು, ಆ ಬೋಧಕರಿಗೆ ಎರಡನೆಯ ಸಾರಿ ದೀಕ್ಷೆ ಕೊಡದೆ, ಅವರನ್ನು ಐಕ್ಯಸಭೆಯ ಸಭಾಪಾಲಕರೆಂದು ಅಂಗೀಕರಿಸಿದರು. ಮುಂದೆ ಆಗುವ ದೀಕ್ಷೆಗಳೆಲ್ಲಾ ಬಿಷಪರ ಕೈಯಿಂದ ಆಗಬೇಕೆಂದೂ ಒಪ್ಪಿದರು. ಕಾಲುವೆಯನ್ನೂ ಕಟ್ಟಿದರು, ಮಳೆಯನ್ನೂ ನಿರಾಕರಿಸಲಿಲ್ಲ. ಮಾರನೆಯ ವರುಷ, ೧೯೪೮ರಲ್ಲಿ, ಲ್ಯಾಂಬೆತಿನಲ್ಲಿ ಕೂಡಿದ ಆಂಗ್ಲಿಕನ್ ಬಿಷಪರು ನಮ್ಮ ಸಭೆಯಲ್ಲಿ ಆಗುವ ದೀಕ್ಷೆಗಳ ವಿಷಯವಾಗಿ ಒಮ್ಮತಕ್ಕೆ ಬರಲಾರದೆ ಹೋದರು. ಅಳೆಯಲ್ಪಟ್ಟವರು ತಾವೂ ಅಳೆಯುವದಕ್ಕೆ ಕುಳಿತದ್ದನ್ನು ನೋಡಿದಿರೋ?

ಇನ್ನು ನಾವು? ನಮ್ಮ ಊರಿನ ಗುಡಿಸಲಿನಲ್ಲಿ ಕೂಡುವ ಚಿಕ್ಕ ಪ್ರಾರ್ಥನಾಕೂಟದ ಬಡ ಬೋಧಕನನ್ನು ನೋಡಿ, ಇವನಿಗೆ ಯಾರು ಕೈಯಿಟ್ಟರು ಎಂದು ನಾವು ನಕ್ಕಿಲ್ಲವೋ? ಅದಕ್ಕಿಂತಲೂ ಕೆಟ್ಟದ್ದೊಂದುಂಟು. ಹೊಸ ಅಯ್ಯನವರು ವರ್ಗವಾಗಿ ಬಂದರೆ, ಅವರು ಯಾವ ಕುಲದಿಂದ ಬಂದವರೆಂದು ಗುಟ್ಟಾಗಿ ವಿಚಾರಿಸಿ, ಅವರ ಕೈಯಿಂದ ಪಾತ್ರೆಯನ್ನು ತೆಗೆದುಕೊಳ್ಳುವದಕ್ಕೆ ಮನಸ್ಸಿಲ್ಲದೆ ಆ ಭಾನುವಾರ ಹೊಲದಲ್ಲಿ ಕೆಲಸವಿದೆಯೆಂದು ತಪ್ಪಿಸಿಕೊಳ್ಳುವವರು ನಮ್ಮ ಸಭೆಗಳಲ್ಲಿ ಇಲ್ಲವೋ? ಪೋಪರಾದರೂ ಮುನ್ನೂರು ವರುಷಗಳ ಬರಹಗಳನ್ನು ಶೋಧಿಸಿ ತೀರ್ಪುಮಾಡಿದರು. ನಾವೋ ಒಬ್ಬ ಮನುಷ್ಯನ ಅಜ್ಜನ ಹೆಸರನ್ನು ಕೇಳಿದ ಮಾತ್ರಕ್ಕೆ ಅವನ ದೀಕ್ಷೆಯನ್ನು ಶೂನ್ಯವೆಂದು ಎಣಿಸುತ್ತೇವೆ. ಇದಕ್ಕಿಂತ ಕ್ರೂರವಾದ ತೀರ್ಪು ಯಾವ ಪೀಠದಿಂದಲೂ ಹೊರಟಿಲ್ಲ. ಇಂಥದನ್ನು ಹೃದಯದಲ್ಲಿಟ್ಟುಕೊಂಡು ರೋಮಾಪುರದ ಮೇಲೆ ದೂರು ಹೇಳುವದಕ್ಕೆ ನಮಗೆ ಬಾಯಿ ಇಲ್ಲ.

ಸಭಾಪಾಲಕರಾದ ಸಹೋದರರೇ, ನಿಮಗೂ ಒಂದು ಮಾತು. ನಿಮ್ಮ ತಲೆಯ ಮೇಲೆ ಕೈಗಳು ಬಿದ್ದ ದಿವಸವನ್ನು ಹಗುರವಾಗಿ ಎಣಿಸಬೇಡಿರಿ; ಕಾಗದದ ಪ್ರಮಾಣಪತ್ರವು ಸಾಕೆಂದೂ ನೆನಸಬೇಡಿರಿ. ರೋಗಿಯ ಚಾಪೆಯ ಬಳಿಯಲ್ಲಿ ಮೊಣಕಾಲೂರಿದ ಆ ಸಭಾಪಾಲಕರು ತಮ್ಮ ಅಪೊಸ್ತಲತ್ವದ ಮುದ್ರೆಯನ್ನು ಅಲ್ಲಿಯೇ ಹೊಂದಿದರು. ಸಭೆಯವರೇ, ನಿಮ್ಮ ಅಯ್ಯನವರ ಉದ್ಯೋಗವು ನಿಜವೋ ಸುಳ್ಳೋ ಎಂದು ಜನರು ಕೇಳಿದರೆ ತೋರಿಸತಕ್ಕ ಸಾಕ್ಷಿಪತ್ರವು ನೀವೇ. ನಿಮ್ಮ ನಡುವೆ ಕ್ಷಮೆಯೂ ಸತ್ಯವೂ ಒಬ್ಬರಿಗೊಬ್ಬರ ಸೇವೆಯೂ ಇದ್ದರೆ ಆ ಪತ್ರವನ್ನು ಯಾರಾದರೂ ಓದಬಲ್ಲರು. ಇಲ್ಲದಿದ್ದರೆ ಲ್ಯಾಂಬೆತಿನ ದಫ್ತರವೂ ನಮ್ಮನ್ನು ಕಾಪಾಡದು.

ತಾಯಿಯೇ, ಕಡೆಯದಾಗಿ ನಿಮಗೆ. ಆ ರೊಟ್ಟಿಯು ಅಯ್ಯನವರ ಸೊತ್ತಲ್ಲ, ಬಿಷಪರ ಸೊತ್ತಲ್ಲ. ಮೇಜಿನ ಯಜಮಾನನು ಕರ್ತನೇ. ಸಂಸ್ಕಾರದಲ್ಲಿ ಕೊಡುವಾತನು ಕ್ರಿಸ್ತನೇ, ಬೋಧಕನು ಆತನ ಆಳು ಮಾತ್ರ ಎಂಬ ಈ ಮಾತಿನಲ್ಲಿ ಕಥೋಲಿಕರೂ ನಾವೂ ಒಂದೇ ಮನಸ್ಸಿನವರು. ನಿಮ್ಮ ಯಜಮಾನರು ನಂಬಿ ಕೈಚಾಚಿದರು. ನಂಬಿ ಚಾಚಿದ ಕೈಯನ್ನು ಆತನು ಬರಿದಾಗಿ ಹಿಂದಿರುಗಿಸಿದ್ದನ್ನು ನಾವು ಸುವಾರ್ತೆಯಲ್ಲಿ ಎಲ್ಲಿಯೂ ಓದಲಿಲ್ಲ. ಮೊಮ್ಮಗಳ ಮದುವೆಯು ನಡೆಯಲಿ. ಬೀಗರು ಮನೆಗೆ ಬಂದಾಗ ಈ ವಿಷಯವಾಗಿ ವಾದಿಸಬೇಡಿರಿ. ಅವರಿಗೆ ಊಟ ಬಡಿಸಿ, ಅವರ ಸಂಗಡ ಕರ್ತನ ಪ್ರಾರ್ಥನೆಯನ್ನು ಹೇಳಿರಿ. ಆ ಪ್ರಾರ್ಥನೆಯನ್ನು ಹೇಳುವದಕ್ಕೆ ನಮ್ಮೆಲ್ಲರಿಗೂ ಅಧಿಕಾರವುಂಟೆಂಬದರಲ್ಲಿ ಯಾವ ಸಭೆಗೂ ಸಂಶಯವಿಲ್ಲ.

ಒಂದೇ ಹಿಂಡೂ ಒಬ್ಬನೇ ಕುರುಬನೂ ಆಗುವ ದಿವಸವನ್ನು ಕರ್ತನು ಬೇಗನೆ ತರಲಿ. ಅದುವರೆಗೆ ಆತನು ನಮ್ಮ ನಾಲಿಗೆಗಳನ್ನು ಅಹಂಕಾರದಿಂದಲೂ ನಮ್ಮ ಹೃದಯಗಳನ್ನು ಭಯದಿಂದಲೂ ಕಾಯಲಿ. ಆಮೆನ್.